ವೆಬ್‌ಸೈಟಿಗೆ ಬರೆಯುವುದು ಓದುಗರಿಗೋ, ಗೂಗಲ್‌ಗೋ? ಮಾಡಿ ನೋಡಿದವರು ಹೇಳಿ

ಬಾಬಿನ್:
ಹೊಲಿಗೆ ಮಷಿನ್ ರಿಪೇರಿ ಬಗ್ಗೆ ಒಂದು ವೆಬ್‌ಸೈಟ್ ಮಾಡಿದ್ದೇನೆ. ಮಷಿನ್ ಕೆಲಸ ಚೆನ್ನಾಗಿ ಗೊತ್ತು, ಬರವಣಿಗೆ ಅಷ್ಟಕ್ಕಷ್ಟೇ. ಒಂದು ವರ್ಷದಲ್ಲಿ 40 ಲೇಖನ ಹಾಕಿದೆ. ಓದುವವರು ಬೆರಳೆಣಿಕೆ. ಕೀವರ್ಡ್, ಅಂದರೆ ಜನ ಹುಡುಕುವ ಪದ, ನೂರು ಪದಕ್ಕೆ ಮೂರು ಸಲ ಬರಲೇಬೇಕು ಅಂತ ಒಬ್ಬರು ಹೇಳುತ್ತಾರೆ. ಎರಡು ಸಾವಿರ ಪದ ಇಲ್ಲದಿದ್ದರೆ ಗೂಗಲ್ ಮೂಸಿಯೂ ನೋಡಲ್ಲ ಅಂತ ಇನ್ನೊಬ್ಬರು. ಅದೆಲ್ಲ ಬಿಡಿ, ಮನಸ್ಸಿಟ್ಟು ಬರೆದರೆ ಸಾಕು ಅಂತ ಮತ್ತೊಬ್ಬರು. ಯಾರನ್ನು ನಂಬಲಿ? ಒಂದು ಲೇಖನದ ಮೊದಲ ಪ್ಯಾರಾ ಇಲ್ಲಿದೆ, ಬೈದರೂ ಪರವಾಗಿಲ್ಲ:

"ಇಂದಿನ ಆಧುನಿಕ ಯುಗದಲ್ಲಿ ಹೊಲಿಗೆ ಯಂತ್ರವು ಪ್ರತಿಯೊಂದು ಮನೆಯ ಅವಿಭಾಜ್ಯ ಅಂಗವಾಗಿದೆ. ಹೊಲಿಗೆ ಯಂತ್ರದ ದಾರದ ಸಮಸ್ಯೆ ಅನೇಕರನ್ನು ಕಾಡುತ್ತದೆ. ಈ ಲೇಖನದಲ್ಲಿ ಹೊಲಿಗೆ ಯಂತ್ರದ ದಾರದ ಸಮಸ್ಯೆಯ ಕಾರಣಗಳು ಹಾಗೂ ಪರಿಹಾರಗಳನ್ನು ವಿವರವಾಗಿ ತಿಳಿಯೋಣ."

ಕೆಂಪು ಶಾಯಿ:
ಬೈಯುವುದೇನಿಲ್ಲ. ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈ "ಇಂದಿನ ಆಧುನಿಕ ಯುಗ"ವನ್ನು ನಾನೂ ಬರೆದು ಬರೆದು ಕೈ ಸವೆಸಿಕೊಂಡವಳೇ. ಶಾಲೆಯ ಪ್ರಬಂಧದಿಂದ ಅಂಟಿಕೊಂಡ ಚಾಳಿ ಅದು. ಪೀಠಿಕೆ ಇಲ್ಲದೆ ಮಾತು ಶುರು ಮಾಡಿದರೆ ಏನೋ ಅಮರ್ಯಾದೆ ಅನ್ನಿಸುತ್ತೆ.

ನಿಮ್ಮ ಪುಟಕ್ಕೆ ಬರುವವರನ್ನು ಸ್ವಲ್ಪ ನೆನೆಸಿಕೊಳ್ಳಿ. ಬಟ್ಟೆ ಸೂಜಿ ಕೆಳಗೆ ಸಿಕ್ಕಿಹಾಕಿಕೊಂಡಿದೆ. ಅಡಿಯಲ್ಲಿ ದಾರ ಗೂಡು ಕಟ್ಟಿದೆ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಫೋನ್. ಆ ಹೊತ್ತಿನಲ್ಲಿ ಅವರಿಗೆ "ಅವಿಭಾಜ್ಯ ಅಂಗ" ಅಂದರೆ, ಆ ಅಂಗವನ್ನು ಎತ್ತಿ ಆಚೆ ಎಸೆಯುವಷ್ಟು ಸಿಟ್ಟು ಬಂದಿರುತ್ತೆ!

ಒಂದು ಕೇಳ್ತೀನಿ. ಗಿರಾಕಿ ಫೋನ್ ಮಾಡಿ "ಅಡಿಯಲ್ಲಿ ದಾರ ಗಂಟಾಗ್ತಿದೆ" ಅಂದರೆ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು?

ಬಾಬಿನ್:
"ಬಟ್ಟೆ ಒತ್ತಿ ಹಿಡಿಯೋ ಫುಟ್ ಎತ್ತಿ. ಮೇಲಿನ ದಾರ ಪೂರ್ತಿ ತೆಗೆದು ಮೊದಲಿಂದ ಹಾಕಿ" ಅಂತೀನಿ. ಎಲ್ಲರೂ ಬಾಬಿನ್ ಬಿಚ್ಚಿಕೊಂಡು ಕೂತಿರ್ತಾರೆ. ಬಾಬಿನ್ ಅಂದರೆ ಕೆಳಗಿನ ದಾರದ ಉರುಳೆ. ಗಂಟು ಕೆಳಗೆ ಕಂಡರೂ ತಪ್ಪು ಹೆಚ್ಚಿನ ಸಲ ಮೇಲಿನ ದಾರದ್ದು. ಫುಟ್ ಇಳಿಸಿಕೊಂಡು ದಾರ ಹಾಕಿದರೆ ಅದು ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಡಿಸ್ಕ್‌ಗಳ ಮಧ್ಯೆ ಸರಿಯಾಗಿ ಕೂರುವುದಿಲ್ಲ.

ಕೆಂಪು ಶಾಯಿ:
ಲೇಖನ ಬರೆದೇಬಿಟ್ಟಿರಲ್ಲ! ಇದೇ ನಿಮ್ಮ ಮೊದಲ ಪ್ಯಾರಾ. ಈ ಮಾತು ಈಗಿನ ಲೇಖನದಲ್ಲಿ ಎಷ್ಟನೇ ಪ್ಯಾರಾದಲ್ಲಿದೆ, ಅಥವಾ ಇದೆಯಾ, ನೋಡಿ.

1997ರಲ್ಲಿ ಯಾಕೋಬ್ ನೀಲ್ಸನ್ ಅನ್ನುವ ವೆಬ್ ತಜ್ಞರು ಜನ ವೆಬ್ ಪುಟವನ್ನು ಹೇಗೆ ಓದುತ್ತಾರೆ ಅಂತ ಕೂರಿಸಿ ಪರೀಕ್ಷಿಸಿದ್ದರು. ನೂರಕ್ಕೆ 79 ಮಂದಿ ಸುಮ್ನೆ ಕಣ್ಣಾಡಿಸಿದರು. ಪದ ಪದ ಓದಿದವರು ನೂರಕ್ಕೆ 16. ಆಗ ಕೈಯಲ್ಲಿ ಫೋನೂ ಇರಲಿಲ್ಲ. ಹಾಗಾಗಿ ಉತ್ತರ ಮೇಲೆ, ಕಾರಣ ಆಮೇಲೆ, ಚರಿತ್ರೆ ಬೇಕಿದ್ದರೆ ಕೊನೆಗೆ. ಪತ್ರಿಕೆಯವರು ಸುದ್ದಿ ಬರೆಯುವುದೂ ಇದೇ ಕ್ರಮದಲ್ಲಿ.

ಇನ್ನು ಕೀವರ್ಡ್. "ಹೊಲಿಗೆ ಯಂತ್ರದ ದಾರದ ಸಮಸ್ಯೆ" ಅಂತ ಯಾರು ಟೈಪ್ ಮಾಡ್ತಾರೆ ಹೇಳಿ? "ಮಷಿನ್ ಅಡಿಯಲ್ಲಿ ದಾರ ಗಂಟು" ಅಂತ ಹುಡುಕುತ್ತಾರೆ. ಗಿರಾಕಿ ಫೋನಿನಲ್ಲಿ ಆಡುವ ಮಾತೇ ಕೀವರ್ಡ್. ಅದನ್ನು ಶೀರ್ಷಿಕೆಯಲ್ಲಿ ಒಮ್ಮೆ, ಮೊದಲ ಸಾಲುಗಳಲ್ಲಿ ಒಮ್ಮೆ ಇಡಿ. ಮಿಕ್ಕದ್ದು ತಾನಾಗೇ ಬರುತ್ತೆ. ದಾರದ ಬಗ್ಗೆ ಬರೆಯುವವರು ದಾರ ಅನ್ನದೆ ಎಲ್ಲಿಗೆ ಹೋಗ್ತಾರೆ? ಸರ್ಚ್ ಬಾಕ್ಸಿನಲ್ಲಿ ಎರಡು ಪದ ಹಾಕಿ ನಿಲ್ಲಿಸಿದರೆ ಕೆಳಗೆ ಬರುವ ಸಲಹೆಗಳನ್ನೂ ನೋಡಿ. ಜನ ಯಾವ ಪದ ಬಳಸುತ್ತಾರೆ ಅನ್ನುವುದಕ್ಕೆ ಅಷ್ಟು ಸುಲಭದ ದಾರಿ ಬೇರೆ ಇಲ್ಲ.

ಹಳೇ ಪಾಪಿ:
ಆ "ನೂರಕ್ಕೆ ಮೂರು ಸಲ" ಸೂತ್ರದ ಕಥೆ ನನಗೆ ಗೊತ್ತು, ನಾನೇ ಆ ಪಾಪ ಮಾಡಿದವನು. 2010ರಲ್ಲಿ ಒಂದು ಕಂಪನಿಯಲ್ಲಿ ದಿನಕ್ಕೆ ಎಂಟು ಲೇಖನ ಬರೆಯುತ್ತಿದ್ದೆ. ಬೆಳಿಗ್ಗೆ ಮಂಡಿನೋವು, ಮಧ್ಯಾಹ್ನ ಗೃಹಸಾಲ, ಸಂಜೆ ನಾಯಿಮರಿ. ಒಂದರ ಬಗ್ಗೆಯೂ ಏನೂ ಗೊತ್ತಿಲ್ಲ. ಬೇರೆಯವರ ನಾಲ್ಕು ಪುಟ ಓದಿ, ಕಲಸಿ, ಕೀವರ್ಡ್ ಎಣಿಸಿ ಒಪ್ಪಿಸುವುದು. ಕಡಿಮೆ ಬಿದ್ದರೆ ಮೇಲಿನವರು ವಾಪಸ್ ಕಳಿಸುತ್ತಿದ್ದರು. ನಾಯಿಮರಿ ಆಹಾರದ ಬಗ್ಗೆ ಒಂದು ಪ್ಯಾರಾದಲ್ಲಿ "ಉತ್ತಮ ನಾಯಿಮರಿ ಆಹಾರ" ಏಳು ಸಲ ತುರುಕಿದ್ದು ಇನ್ನೂ ನೆನಪಿದೆ. ಜೋರಾಗಿ ಓದಿದರೆ ಮಂತ್ರದ ಥರ ಕೇಳುತ್ತಿತ್ತು.

2011ರ ಫೆಬ್ರವರಿಯಲ್ಲಿ ಗೂಗಲ್ ಪಾಂಡಾ ಅನ್ನುವ ಬದಲಾವಣೆ ತಂತು. ಸತ್ವವಿಲ್ಲದ ಪುಟಗಳನ್ನು ರಾಶಿ ಹಾಕಿದ ಸೈಟುಗಳು ಕೆಳಗೆ ಬಿದ್ದವು. ನಮ್ಮದೂ ಬಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಪೆಂಗ್ವಿನ್ ಬಂದು, ಕೀವರ್ಡ್ ತುರುಕಿದ್ದನ್ನೂ ಕಾಸು ಕೊಟ್ಟು ಬೇರೆ ಸೈಟುಗಳಿಂದ ಕಟ್ಟಿಸಿಕೊಂಡ ಲಿಂಕುಗಳನ್ನೂ ಹಿಡಿಯಿತು. ಮೇಲಿನವರು ಮಾತ್ರ ಆಮೇಲೂ ಎಣಿಸುತ್ತಲೇ ಇದ್ದರು. ಪುಟದ ಒಳಗೆ ಬಚ್ಚಿಡುವ ಮೆಟಾ ಕೀವರ್ಡ್ ಪಟ್ಟಿಯನ್ನು ರ‍್ಯಾಂಕಿಂಗಿಗೆ ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿತ್ತು. ಅದನ್ನು ಈಗಲೂ ತುಂಬುವವರಿದ್ದಾರೆ, ಏನು ಹೇಳೋಣ.

ಎರಡು ಸಾವಿರ ಪದದ ಮಾತೂ ಅಷ್ಟೇ. ಇಷ್ಟೇ ಪದ ಇರಬೇಕು ಅನ್ನುವ ನಿಯಮ ಇಲ್ಲ ಅಂತ ಗೂಗಲ್ಲೇ ಹೇಳಿದೆ. ನಿಮ್ಮ ದಾರದ ಗಂಟು 400 ಪದಕ್ಕೆ ಬಿಚ್ಚಿದರೆ ಅಲ್ಲಿಗೆ ನಿಲ್ಲಿಸಿ.

ಬಾಬಿನ್:
ಮನಸ್ಸು ಹಗುರಾಯಿತು. ಇನ್ನೊಂದು ಅನುಮಾನ. ಎಐ ಕೈಲಿ ಬರೆಸಿದರೆ ಬೇಗ ಆಗುತ್ತೆ, ತಿಂಗಳಿಗೆ ನೂರು ಪುಟ ಹಾಕು ಅಂತ ಗೆಳೆಯ ಗಂಟುಬಿದ್ದಿದ್ದಾನೆ.

ಹಳೇ ಪಾಪಿ:
ನಾನು ದಿನಕ್ಕೆ ಎಂಟು ಬರೆಯುತ್ತಿದ್ದೆನಲ್ಲ, ಅದೇ ಕೆಲಸ. ಕೈ ಮಾತ್ರ ಬೇರೆ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಕ್ಕೆ ಇದನ್ನೇ ಸೇರಿಸಿತು: ರ‍್ಯಾಂಕ್‌ಗೋಸ್ಕರ ರಾಶಿ ರಾಶಿ ಪುಟ ಹಾಕುವುದು ತಪ್ಪು, ಮನುಷ್ಯ ಬರೆದಿರಲಿ, ಮಷಿನ್ ಬರೆದಿರಲಿ.

ಕೆಂಪು ಶಾಯಿ:
ಕಾಗುಣಿತ ನೋಡಿಸಿ, ಬೇಡ ಅನ್ನಲ್ಲ. ಆದರೆ "ಎಲ್ಲರೂ ಬಾಬಿನ್ ಬಿಚ್ಚಿಕೊಂಡು ಕೂತಿರ್ತಾರೆ" ಅನ್ನುವ ಸಾಲು ಹೊಳೆಯುವುದು ಫೋನ್ ಎತ್ತಿ ಎತ್ತಿ ಸಾಕಾದವರಿಗೆ ಮಾತ್ರ. ಹುಡುಕಿದಾಗ ಬರುವ ಪುಟಗಳ ಗುಣಮಟ್ಟ ನೋಡುವ ಪರಿಶೀಲಕರಿಗೆ ಗೂಗಲ್ ಕೊಡುವ ಕೈಪಿಡಿಯಲ್ಲಿ ಪರಿಣತಿ, ಹೆಸರು, ನಂಬಿಕೆ ಅಂತ ಮೊದಲೇ ಇತ್ತು. 2022ರ ಡಿಸೆಂಬರ್‌ನಲ್ಲಿ "ಅನುಭವ" ಅಂತ ಇನ್ನೊಂದು ಸೇರಿಸಿದರು. ಬರೆದವರು ಆ ಕೆಲಸ ಕೈಯಾರೆ ಮಾಡಿದ್ದಾರಾ ಅಂತ. ಆ ಪರಿಶೀಲಕರು ಅಂಕ ಕೊಟ್ಟ ಕೂಡಲೇ ನಿಮ್ಮ ಪುಟ ಮೇಲೇರುತ್ತೆ ಅಂತಲ್ಲ, ಗೂಗಲ್ ಏನನ್ನು ಹುಡುಕುತ್ತಿದೆ ಅನ್ನುವುದು ಅದರಿಂದ ತಿಳಿಯುತ್ತೆ, ಅಷ್ಟೇ. ಗಂಟಾದ ಬಟ್ಟೆಯ ಫೋಟೋ ನೀವೇ ತೆಗೆದು ಹಾಕಿ. ಎಲ್ಲಿಂದಲೋ ತಂದ ನಗುಮುಖದ ಟೈಲರ್ ಚಿತ್ರ ಬೇಡ.

ಕಿವಿಯಲ್ಲಿ ಓದುವವನು:
ಫೋಟೋ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಕಣ್ಣು ಕಾಣಿಸುವುದಿಲ್ಲ, ಸ್ಕ್ರೀನ್ ರೀಡರ್‌ನಿಂದ ಕೇಳಿಸಿಕೊಂಡು ಓದುತ್ತೇನೆ. ನಾವೂ ಕಣ್ಣಾಡಿಸುತ್ತೇವೆ, ನಮ್ಮ ರೀತಿಯಲ್ಲಿ. ಕೀಬೋರ್ಡಿನಲ್ಲಿ ಎಚ್ ಒತ್ತಿದರೆ ಒಂದು ಉಪಶೀರ್ಷಿಕೆಯಿಂದ ಇನ್ನೊಂದಕ್ಕೆ ಜಿಗಿಯಬಹುದು. ಅಕ್ಷರ ಸುಮ್ನೆ ದಪ್ಪ ಮಾಡಿ ಶೀರ್ಷಿಕೆ ಥರ ಕಾಣಿಸಿದ್ದರೆ ಜಿಗಿಯಲು ಏನೂ ಸಿಗಲ್ಲ. ಹೆಡಿಂಗ್ ಅಂತಲೇ ಗುರುತು ಮಾಡಬೇಕು. ಲಿಂಕುಗಳನ್ನಷ್ಟೇ ಪಟ್ಟಿ ಮಾಡಿ ಕೇಳುವ ಅಭ್ಯಾಸವೂ ಇದೆ. ಆಗ ಕೇಳಿಸುವುದು: "ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ." ಎಲ್ಲಿ ಸ್ವಾಮಿ?

ಚಿತ್ರದ ವಿವರಣೆಗೆ "ಹೊಲಿಗೆ ಮಷಿನ್ ಚಿತ್ರ 4" ಅಂತ ಹಾಕಿದರೆ ಉಪಯೋಗ ಇಲ್ಲ. "ಬಟ್ಟೆಯ ಅಡಿಯಲ್ಲಿ ಗೂಡು ಕಟ್ಟಿದ ಬಿಳಿ ದಾರ" ಅಂದರೆ ನನಗೂ ತಿಳಿಯುತ್ತೆ, ಸರ್ಚ್ ಎಂಜಿನ್‌ಗೂ ತಿಳಿಯುತ್ತೆ. ಅದರ ಪಾಡೂ ನನ್ನ ಹಾಗೇ, ಚಿತ್ರ ಏನು ಅನ್ನುವುದಕ್ಕೆ ಬರೆದಿಟ್ಟ ಮಾತಿನ ಮೇಲೆ ಜಾಸ್ತಿ ನೆಚ್ಚಿಕೊಂಡಿರುತ್ತೆ.

ಸರ್ವರ್ ಕಾಯುವವ:
ಬರವಣಿಗೆ ಬಗ್ಗೆ ನಾನು ಮಾತಾಡಲ್ಲ. ಫೋಟೋ ಹಾಕುವ ಮುಂಚೆ ಸೈಜ್ ಇಳಿಸಿ, ಇಷ್ಟು ಮಾತ್ರ ಹೇಳ್ತೀನಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ. ಕ್ಯಾಮೆರಾದಿಂದ ಬಂದ ಹಾಗೇ ಹತ್ತು ಫೋಟೋ ಸುರಿದರೆ ಆ ಮಾತು ಮರೆತುಬಿಡಿ.

ಬಾಬಿನ್:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು 40 ಲೇಖನವನ್ನೂ ಓದಿದೆ. ನಾಚಿಕೆ ಆಯಿತು. ಏಳು ಲೇಖನ ಈ ದಾರದ ಗಂಟಿನ ಮೇಲೇ ಇವೆ, ಶೀರ್ಷಿಕೆ ಮಾತ್ರ ಬೇರೆ ಬೇರೆ. ಆರನ್ನು ಅಳಿಸಿ ಒಂದನ್ನು ಉಳಿಸಿಕೊಳ್ಳಲಾ?

ಸರ್ವರ್ ಕಾಯುವವ:
ತಡೀರಿ, ಸುಮ್ನೆ ಅಳಿಸಬೇಡಿ! ಒಂದು ಸೈಟಿನಲ್ಲಿ ನಾನು ಹೀಗೇ ಉತ್ಸಾಹದಲ್ಲಿ ಹಳೇ ವಿಳಾಸಗಳನ್ನೆಲ್ಲ ಬದಲಾಯಿಸಿದೆ. ಬೇರೆಯವರು ಕೊಟ್ಟಿದ್ದ ಲಿಂಕುಗಳೆಲ್ಲ "ಪುಟ ಸಿಗಲಿಲ್ಲ" ಅನ್ನುವಲ್ಲಿಗೆ ಹೋಗಿ ನಿಂತವು. ವರ್ಷಗಳಿಂದ ಬರುತ್ತಿದ್ದ ಓದುಗರು ವಾರದೊಳಗೆ ಕರಗಿದರು. ಒಳ್ಳೆಯ ಅಂಶಗಳನ್ನು ಒಂದೇ ಪುಟಕ್ಕೆ ಸೇರಿಸಿ. ಉಳಿದ ಆರು ವಿಳಾಸಕ್ಕೆ 301 ರಿಡೈರೆಕ್ಟ್ ಹಾಕಿ. ಹಳೇ ಮನೆ ಬಾಗಿಲಿಗೆ ಹೊಸ ಮನೆ ವಿಳಾಸ ಅಂಟಿಸಿದ ಹಾಗೆ.

ಕೆಂಪು ಶಾಯಿ:
ಏಳು ಪುಟ ಒಂದೇ ಪ್ರಶ್ನೆಗೆ ಉತ್ತರ ಹೇಳಿದರೆ ಯಾವುದನ್ನು ತೋರಿಸಬೇಕು ಅಂತ ಗೂಗಲ್‌ಗೂ ಗೊಂದಲ. ಜೊತೆಗೆ ಗೂಗಲ್ ಸೈಟಿನವರಿಗೆ ಕೊಡುವ ಸರ್ಚ್ ಕನ್ಸೋಲ್ ತೆರೆಯಿರಿ, ಬಿಟ್ಟಿ ಸಿಗುತ್ತೆ. ಜನ ಏನು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಅನ್ನುವುದು 16 ತಿಂಗಳ ಹಿಂದಿನವರೆಗೂ ಅಲ್ಲಿ ಸಿಗುತ್ತೆ. ನಾನು ಮೊದಲು ನೋಡುವುದು ತುಂಬಾ ಸಲ ಕಾಣಿಸಿ ಯಾರೂ ಒತ್ತದ ಸಾಲುಗಳನ್ನು. ಹುಡುಕಿದಾಗ ಬರುವ ಪಟ್ಟಿಯಲ್ಲಿ ಎಂಟನೇ ಜಾಗದಿಂದ ಇಪ್ಪತ್ತನೇ ಜಾಗದವರೆಗೆ ಇರುವಂಥವು. ಅಲ್ಲಿ ಹೆಚ್ಚಿನ ಸಲ ಶೀರ್ಷಿಕೆ ಒಂದು ಹೇಳುತ್ತಿರುತ್ತೆ, ಜನ ಇನ್ನೊಂದು ಕೇಳುತ್ತಿರುತ್ತಾರೆ. ಹೊಸದು ಬರೆಯುವ ಮುಂಚೆ ಅವನ್ನು ಸರಿ ಮಾಡಿ. ಫಲ ಕಾಣಲು ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳು. ದಿನಾ ಬೆಳಿಗ್ಗೆ ಎದ್ದು ನೋಡಿದರೆ ತಲೆ ಕೆಡುತ್ತೆ.

ಬಾಬಿನ್:
ನೋಡಿದೆ. "ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ" ಅಂತ ಎಷ್ಟೊಂದು ಜನ ಹುಡುಕಿದ್ದಾರೆ! ಅದಕ್ಕೆ ಲೇಖನ ಇದೆ, ಆದರೆ "ಸ್ಕಿಪ್ ಸ್ಟಿಚ್ ದೋಷ ನಿವಾರಣೆ" ಅಂತ ಹೆಸರಿಟ್ಟಿದ್ದೆ. ನನ್ನ ಗಿರಾಕಿ ಒಬ್ಬರೂ ಆ ಮಾತು ಆಡಿದ್ದಿಲ್ಲ. ಶೀರ್ಷಿಕೆ ಬದಲಾಯಿಸಿದೆ. ಮೊದಲ ನಾಲ್ಕು ಪ್ಯಾರಾ ಕಿತ್ತು ಹಾಕಿದೆ. ಈಗ ಹೀಗೆ ಶುರುವಾಗುತ್ತೆ:

"ಮೊದಲು ಸೂಜಿ ಬಿಚ್ಚಿ ನೋಡಿ. ಸೊಟ್ಟಗಾಗಿದ್ದರೆ, ಮೊನೆ ಸವೆದಿದ್ದರೆ ಬದಲಾಯಿಸಿ. ಹೊಸ ಸೂಜಿಯಾದರೆ ಹಿಂದುಮುಂದಾಗಿ ಕೂರಿಸಿದ್ದೀರಾ ಅಂತ ನೋಡಿ."

ಕೆಂಪು ಶಾಯಿ:
ಯಾವ ಕಡೆ ಹಿಂದೆ, ಯಾವ ಕಡೆ ಮುಂದೆ ಅಂತ ಗೊತ್ತಾಗೋದು ಹೇಗೆ? ಅದಕ್ಕೊಂದು ಫೋಟೋ ಹಾಕಿ.