ತೂಕ ಇಳಿಸೋ ಇಂಜೆಕ್ಷನ್: ಮೊದಲ ತಿಂಗಳು ಇಷ್ಟು ಕಡಿಮೆ ಡೋಸ್ ಯಾಕೆ?

ಬೆಣ್ಣೆನಗರಿ: ತೂಕ ಇಳಿಸೋ ಸೆಮಾಗ್ಲುಟೈಡ್ ಇಂಜೆಕ್ಷನ್ 0.25 ಮಿ.ಗ್ರಾಂ ಮೂರು ವಾರ ಹಾಕಿದ ಮೇಲೂ ತೂಕ ಅಲ್ಲಾಡದಿದ್ದರೆ ನೇರ 1 ಮಿ.ಗ್ರಾಂಗೆ ಹೋಗೋದೇ ಸರಿ. ತಿಂಗಳಿಗೆ ಸಾವಿರಾರು ರೂಪಾಯಿ ಸುರಿದು ಕಾಯೋದ್ಯಾಕೆ?

ಕೋಟೆನಾಡು ಸಿಸ್ಟರ್: ದಯವಿಟ್ಟು ಬೇಡ. 0.25 ತೂಕ ಇಳಿಸೋ ಡೋಸೇ ಅಲ್ಲ, ಹೊಟ್ಟೆಗೆ ರೂಢಿ ಮಾಡ್ಸೋದು. ವಾರಕ್ಕೊಂದರಂತೆ 4 ವಾರ ಅದು. ಆಮೇಲೆ ನಾಲ್ಕು ನಾಲ್ಕು ವಾರ 0.5, 1, 1.7, ಕೊನೆಗೆ 2.4. ಇದೇ ಥರದ ಇನ್ನೊಂದು ಇಂಜೆಕ್ಷನ್ ಟಿರ್ಜೆಪಟೈಡ್ ಆದರೆ 2.5 ಮಿ.ಗ್ರಾಂನಿಂದ ಶುರು, 4 ವಾರದ ಮೇಲೆ 5. ಸೆಮಾಗ್ಲುಟೈಡ್ ಮೈಯಲ್ಲಿ ಅರ್ಧಕ್ಕಿಳಿಯೋಕೇ ಸುಮಾರು ಒಂದು ವಾರ ಬೇಕು. ಹಾರಿಸಿ ಹಾಕಿದ ಡೋಸ್‌ಗೆ ವಾಂತಿ ಹಿಡಿದರೆ ದಿನಗಟ್ಟಲೆ ಬಿಡಲ್ಲ.

ಬೆಣ್ಣೆನಗರಿ: ವಾಂತಿ ಎಲ್ಲರಿಗೂ ಬರಲ್ಲವಲ್ಲ ಸಿಸ್ಟರ್.

ಊಟದ ಲೆಕ್ಕ: ಬರಲ್ಲ, ನಿಜ. ಆದರೆ ಈ ಔಷಧಿಯಿಂದ ತಿಂದದ್ದು ಹೊಟ್ಟೆಯಿಂದ ನಿಧಾನ ಇಳಿಯುತ್ತೆ, ಜಿಡ್ಡು ಇನ್ನೂ ನಿಧಾನ. ಇಂಜೆಕ್ಷನ್ ದಿನ, ಮರುದಿನ ಬೆಣ್ಣೆದೋಸೆ, ಮಿರ್ಚಿ ಬೇಡ. ಮುದ್ದೆ ಅರ್ಧ ಸಾಕು. ತಟ್ಟೆಯಲ್ಲಿ ಮೊದಲು ಕಾಳಿನ ಪಲ್ಯ, ಮೊಟ್ಟೆ, ಮೊಸರು ಖಾಲಿಯಾಗಲಿ. ಹಸಿವಿಲ್ಲ ಅಂತ ಅದನ್ನೇ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ಅರೆಹೊಟ್ಟೆಗೇ ಎದ್ದುಬಿಡಿ. ಮಲಬದ್ಧತೆ ಬಹಳ ಜನಕ್ಕೆ ಆಗುತ್ತೆ, ನೀರು ಗುಟುಕು ಗುಟುಕಾಗಿ ದಿನವಿಡೀ ಕುಡೀರಿ.

ಮೆಡಿಕಲ್ ಶಾಪ್: ಶುಗರ್‌ಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇರೋರು ಡಾಕ್ಟರಿಗೆ ಮೊದಲೇ ಹೇಳಿ. ಅದರ ಜೊತೆ ಈ ಇಂಜೆಕ್ಷನ್ ಸೇರಿದರೆ ಶುಗರ್ ಕುಸಿದು ಬೆವರು, ನಡುಕ ಬರಬಹುದು. ಶುಗರ್ ಔಷಧಿಯ ಡೋಸ್ ಇಳಿಸಬೇಕಾಗಬಹುದು. ಇನ್ನು ತೆರೆಯದ ಇಂಜೆಕ್ಷನ್ ಪೆನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲೇ ಇರಲಿ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಬೈಕ್ ಡಿಕ್ಕಿಯಲ್ಲಿಟ್ಟು ಒಯ್ಯಬೇಡಿ. ಫ್ರೀಜರ್ ಪೆಟ್ಟಿಗೆಗೆ ತಾಗಿ ಹೆಪ್ಪುಗಟ್ಟಿದರೆ ಕರಗಿಸಿ ಹಾಕಬಾರದು, ಎಸೆಯೋದೇ. ಸೂಜಿ ಪ್ರತಿಸಲ ಹೊಸದು. ಹಾಕಿದ ಮೇಲೆ ಪೆನ್ನಲ್ಲೇ ಬಿಟ್ಟರೆ ಔಷಧಿ ಸೋರುತ್ತೆ, ಗಾಳಿ ಸೇರುತ್ತೆ.

ಬೆಣ್ಣೆನಗರಿ: ಡೋಸ್ ವಿಷಯಕ್ಕೆ ಬನ್ನಿ. ವಾಕರಿಕೆ ಇದ್ದರೂ 4 ವಾರಕ್ಕೆ ಏರಿಸಲೇಬೇಕಾ?

ಕೋಟೆನಾಡು ಸಿಸ್ಟರ್: ಇಲ್ಲ. ಡಾಕ್ಟರನ್ನು ಕೇಳಿ ಅದೇ ಡೋಸ್‌ನಲ್ಲಿ ಇನ್ನೊಂದು 4 ವಾರ ನಿಲ್ಲಬಹುದು. ದೊಡ್ಡ ಅಧ್ಯಯನದಲ್ಲಿ 2.4 ಡೋಸ್‌ಗೆ ಸರಾಸರಿ ಸುಮಾರು 15% ತೂಕ ಇಳಿದದ್ದು 68 ವಾರದಲ್ಲಿ, ಅದೂ ಊಟ, ವ್ಯಾಯಾಮ ಸೇರಿ. ಒಂದು ತಿಂಗಳು ತಡವಾದರೆ ಏನೂ ಕಳ್ಕೊಳ್ಳಲ್ಲ.

ಮೆಡಿಕಲ್ ಶಾಪ್: ಆದರೆ ಹೊಟ್ಟೆನೋವು ಬೆನ್ನಿಗೆ ಹೊಡೆದು ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಮುಂದಿನ ಡೋಸ್ ಹಾಕಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮೇದೋಜೀರಕದ ಉರಿಯೂತವೋ ಪಿತ್ತಕೋಶದ ಕಲ್ಲೋ ಇರಬಹುದು. ಮನೆತನದಲ್ಲಿ ಮೆಡುಲರಿ ಅನ್ನೋ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಶುರುವೇ ಮಾಡಬಾರದು.

ಬೆಣ್ಣೆನಗರಿ: ಸರಿ, 1ಕ್ಕೆ ಹಾರೋ ಮಾತು ಬಿಟ್ಟೆ. ನಾಲ್ಕನೇ ವಾರವೂ 0.25.