ಅಪ್‌ಡೇಟ್: ಕುರ್ಚಿ ಮೇಲಿನ ಬಟ್ಟೆ ರಾಶಿ ಕೊನೆಗೂ ಕರಗಿತು

15 ದಿನದ ಹಿಂದೆ ಕೇಳಿದ್ದೆನಲ್ಲ, ಎಷ್ಟು ಸಲ ಮಡಚಿಟ್ಟರೂ ಮಲಗುವ ಕೋಣೆಯ ಕುರ್ಚಿ ಮೇಲೆ ಮತ್ತೆ ಬಟ್ಟೆ ಗುಡ್ಡೆ ಬೀಳುತ್ತೆ, ಡ್ರಾಯರ್ ತುಂಬಾ ವೈರು, ಏನು ಮಾಡಲಿ ಅಂತ. ಈಗ ಅದೇ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ!

'ಒಂದೇ ದಿನದಲ್ಲಿ ಎಲ್ಲಾ ಮುಗಿಸಿ' ಅನ್ನೋ ಸಲಹೆ ನನ್ನ ಕೈಲಾಗಲಿಲ್ಲ. ಬೀರು ಪೂರ್ತಿ ಮಂಚದ ಮೇಲೆ ಸುರಿದೆ, ರಾತ್ರಿ 11 ಆದರೂ ಮುಗಿಯಲಿಲ್ಲ, ಮಲಗೋಕೆ ಜಾಗ ಬೇಕಲ್ವಾ, ಸುಮ್ನೆ ವಾಪಸ್ ತುರುಕಿದೆ. ಪ್ಲಾಸ್ಟಿಕ್ ಡಬ್ಬಿ ತಂದಿದ್ದೂ ದಂಡ. ಸಾಮಾನಿನ ಜೊತೆ ಡಬ್ಬಿಗಳೂ ಸೇರಿಕೊಂಡವು ಅಷ್ಟೇ.

ಕೆಲಸಕ್ಕೆ ಬಂದಿದ್ದು 'ಆ ರಾಶಿಯಲ್ಲಿ ಎಂಥ ಬಟ್ಟೆ ಇದೆ ಅಂತ ಮೊದಲು ನೋಡಿ' ಅಂದವರ ಮಾತು. ನೋಡಿದರೆ ಒಗೆದದ್ದೂ ಅಲ್ಲ, ಕೊಳೆಯೂ ಅಲ್ಲ, ಬಹುಪಾಲು ಒಂದೇ ಸಲ ಹಾಕಿ ಬಿಚ್ಚಿಟ್ಟವು. ಅವಕ್ಕೆ ಮನೆಯಲ್ಲಿ ಜಾಗವೇ ಇರಲಿಲ್ಲ! ಬಾಗಿಲ ಹಿಂದೆ 4 ಕೊಕ್ಕೆ ಹಾಕಿದೆ. ಐದನೆಯದು ಬಂದರೆ ಒಂದು ಒಗೆಯೋಕೆ ಹೋಗಲೇಬೇಕು.

ಡ್ರಾಯರಿನಲ್ಲಿ 11 ಚಾರ್ಜರ್ ಸಿಕ್ಕವು, ಅದರಲ್ಲಿ 6ರ ಫೋನೇ ಈಗಿಲ್ಲ. ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯಕ್ಕೆ ಕೊಟ್ಟೆ, ಉಳಿದವಕ್ಕೆ ಚೀಟಿ ಅಂಟಿಸಿದೆ. ಹಳೇ ಬಿಲ್ಲು, ಕಾಗದಗಳ ಸುದ್ದಿ ಮಾತ್ರ ಎತ್ತಬೇಡಿ, ಅವು ಹಾಗೇ ಇವೆ.