ಪದಚರ್ಚೆ: ಹಡಗು ‘ಲಾಂಚ್’ ಆಗುವುದಕ್ಕೂ ‘ಕಮಿಷನ್’ ಆಗುವುದಕ್ಕೂ ಕನ್ನಡದಲ್ಲಿ ಏನು? (ತುರ್ತು)

ಕಾರವಾರದಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಫಲಕ ಪ್ರಿಂಟಿಗೆ ಹೋಗಬೇಕು, ಅದಕ್ಕೇ ಪೀಠಿಕೆ ಬಿಟ್ಟು ಕೇಳುತ್ತಿದ್ದೇನೆ.

ಮುಂಬಯಿಯ ಮಜಗಾಂವ್ ಡಾಕ್ ಕಂಪನಿಯ ಇತಿಹಾಸದ ಮೇಲೆ ನಮ್ಮ ಶಾಲೆಯಲ್ಲಿ ಒಂದು ಚಿತ್ರಪ್ರದರ್ಶನ ಇಟ್ಟಿದ್ದೇವೆ. ಅಲ್ಲಿ ಕಟ್ಟಿದ ಖಂಡೇರಿ ಜಲಾಂತರ್ಗಾಮಿಯಲ್ಲಿ 2022ರ ಮೇ ತಿಂಗಳಲ್ಲಿ ರಕ್ಷಣಾ ಸಚಿವರು ನಮ್ಮ ಕಾರವಾರದಿಂದಲೇ ಸಮುದ್ರಕ್ಕೆ ಹೋಗಿಬಂದಿದ್ದರು. ಹಾಗಾಗಿ ಮಕ್ಕಳಿಗೆ ಆ ಹೆಸರು ಗೊತ್ತು. ಇಂಗ್ಲಿಷ್ ಮೂಲದಲ್ಲಿ ಪ್ರತಿ ಹಡಗಿನ ಮುಂದೆ ಎರಡು ತಾರೀಕು ಇದೆ, ಲಾಂಚ್ ಆದದ್ದು ಮತ್ತು ಕಮಿಷನ್ ಆದದ್ದು:

ನೀಲಗಿರಿ (ಯುದ್ಧನೌಕೆ): 23 ಅಕ್ಟೋಬರ್ 1968, 3 ಜೂನ್ 1972
ಶಾಲ್ಕಿ (ಜಲಾಂತರ್ಗಾಮಿ): 1989, 7 ಫೆಬ್ರುವರಿ 1992
ಕಲ್ವರಿ (ಜಲಾಂತರ್ಗಾಮಿ): ಅಕ್ಟೋಬರ್ 2015, 14 ಡಿಸೆಂಬರ್ 2017

ಪತ್ರಿಕೆ ತೆಗೆದು ನೋಡಿದರೆ ಎರಡಕ್ಕೂ ‘ಲೋಕಾರ್ಪಣೆ’ ಎಂದೇ ಬರೆಯುತ್ತಾರೆ. ನಾನೂ ಕರಡಿನಲ್ಲಿ ಹಾಗೇ ಬರೆದಿದ್ದೆ. ಏಳನೇ ತರಗತಿಯ ಒಬ್ಬಳು ಓದಿ, “ಒಂದೇ ಹಡಗನ್ನ ಎರಡು ಸಲ ಯಾಕೆ ಲೋಕಾರ್ಪಣೆ ಮಾಡಿದ್ರು ಟೀಚರ್?” ಎಂದು ಕೇಳಿದಳು.

‘ಕಮಿಷನ್’ ಎಂದೇ ಉಳಿಸೋಣವೆಂದರೆ ಇನ್ನೊಂದು ತೊಡಕು. ಶಾಲ್ಕಿಗೆ ಮುಂಚಿನ ಸಾಲಿನಲ್ಲಿ 1987ರ ಪ್ರಕರಣ ಬರುತ್ತದೆ: ಜಲಾಂತರ್ಗಾಮಿ ಒಪ್ಪಂದದಲ್ಲಿ ಶೇ 7ರಷ್ಟು ಕಮಿಷನ್ ಸಂದಾಯವಾಯಿತೆಂಬ ಆರೋಪ. ಅದರ ಕೆಳಗೇ ‘1992ರಲ್ಲಿ ಶಾಲ್ಕಿ ಕಮಿಷನ್ ಆಯಿತು’ ಎಂದು ಬರೆದರೆ ಓದುವವರು ಏನೆಂದುಕೊಳ್ಳಬೇಕು? ಎರಡು ಪದ ಕೊಡಿ, ಉಪಕಾರವಾಗುತ್ತದೆ.

ಧಾರವಾಡದಿಂದ:

ಲಾಂಚ್‌ಗೆ ಜಲಾವತಾರಣ. ಹಿಂದಿಯವರು ಬಳಸುವ ‘ಜಲಾವತರಣ’ವನ್ನು ಹಾಗೇ ಎತ್ತಿಕೊಳ್ಳಬೇಡಿ. ತೄ ಧಾತು, ಅವತರತಿ ಎಂದರೆ ತಾನೇ ಇಳಿಯುತ್ತದೆ, ಅವತಾರಯತಿ ಎಂದರೆ ಇಳಿಸುತ್ತಾನೆ. ಹಡಗು ತಾನಾಗಿ ಇಳಿಯುವುದಿಲ್ಲ, ಇಳಿಸುತ್ತಾರೆ. ಕಮಿಷನ್‌ಗೆ ಸೇವಾನಿಯೋಜನೆ. ಲೋಕಾರ್ಪಣೆ ಪುಸ್ತಕಕ್ಕೆ, ಅಣೆಕಟ್ಟಿಗೆ ಸರಿ. ಯುದ್ಧನೌಕೆಯನ್ನು ಲೋಕಕ್ಕೆ ಅರ್ಪಿಸುವುದು ಅಸಂಬದ್ಧ.

ಅಂದ ಹಾಗೆ, ಅದೇ ಮಜಗಾಂವ್‌ನಲ್ಲಿ ವಾಡಿಯಾ ಮನೆತನದವರು ಕಟ್ಟಿದ ಟ್ರಿಂಕೋಮಲಿ 1817ರಲ್ಲಿ ನೀರಿಗಿಳಿದು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಫಲಕದಲ್ಲಿ ಅದೂ ಬರಲಿ.

ಬೆಂಗಳೂರಿನಿಂದ:

ಮಕ್ಕಳ ಪಲಕಕ್ಕೆ ಅವತಾರಣವೇ? ಸಂಸ್ಕ್ರುತದ ಕಟ್ಟಳೆ ಕನ್ನಡದ ಮಕ್ಕಳಿಗೇಕೆ? ಲಾಂಚ್ ಎಂದರೆ ನೀರಿಳಿತ. ಕಮಿಶನ್ ಎಂದರೆ ಪಡೆಸೇರ್ಪು. ಜಲಾಂತರ‍್ಗಾಮಿಯನ್ನೂ ತೆಗೆದು ಮುಳುಗುಹಡಗು ಎಂದು ಮಾಡಿ. ಹಡಗು ನಮ್ಮದೇ ಒರೆ: ಹಳಗನ್ನಡದ ಪಡಗು, ತಮಿಳಿನ ಪಡಗು. ಪಾಲು ಹಾಲಾದಂತೆ, ಪೂ ಹೂವಾದಂತೆ ಪಡಗು ಹಡಗಾಯಿತು. ಕಡಲಿನ ಬದುಕಿಗೆ ಬೇಕಾದ ಒರೆಗಳೆಲ್ಲ ನಮ್ಮಲ್ಲೇ ಇವೆ, ಹುಡುಕುವ ಮನಸ್ಸು ಬೇಕು.

ಮಂಗಳೂರಿನಿಂದ:

ಕಡಲ ಬದಿಯವರನ್ನು ಒಂದು ಮಾತು ಕೇಳಬಹುದಿತ್ತು. ‘ನೀರಿಳಿತ’ ಅಂದರೆ ನಮಗೆ ಇಳಿತ, ಉಬ್ಬರದ ವಿರುದ್ಧ. ಹಡಗನ್ನು ನೀರಿಗೆ ಬಿಡುವುದು ಉಬ್ಬರ ಏರಿದಾಗ. ನೀವು ಕೊಟ್ಟ ಪದ ನಡೆಯುವ ಕೆಲಸಕ್ಕೆ ನೇರ ಉಲ್ಟಾ.

‘ಮುಳುಗುಹಡಗು’ ಅಂತೂ ಬೇಡವೇ ಬೇಡ. ಓದಿದವರಿಗೆ ಮುಳುಗುತ್ತಿರುವ ಹಡಗು ಎಂದೇ ಅರ್ಥವಾಗುವುದು. ದೋಣಿ ಮಗುಚಿ ಮನೆಯವರನ್ನು ಕಳೆದುಕೊಂಡವರು ಇರುವ ಊರಿನ ಶಾಲೆ ಅದು. ಆ ಗೋಡೆಯ ಮೇಲೆ ಈ ಪದ ತೂಗುಹಾಕಬೇಡಿ.

ಟೀಚರ್, ನಿಮಗೆ ಬೇಕಾದ ಮಾತು ನಮ್ಮಲ್ಲಿ ದಿನಬಳಕೆಯಲ್ಲಿದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ; ಮೇಲೆ ಎಳೆದಿಟ್ಟ ಬೋಟಿಗೆ ಮರದ ಕೆಲಸ, ಬಣ್ಣ ಎಲ್ಲ ಮುಗಿಸಿ ಆಗಸ್ಟಿನಲ್ಲಿ ‘ನೀರಿಗಿಳಿಸುತ್ತಾರೆ’. ಹೊಸ ಬೋಟಾದರೂ ಅದೇ ಮಾತು. ‘ಬೋಟು ನೀರಿಗಿಳಿಯಿತು’ ಅಂದರೆ ಕಾರವಾರದ ಮಗುವಿಗೂ ಅರ್ಥವಾಗುತ್ತದೆ, ಬೀದರಿನ ಮಗುವಿಗೂ ಆಗುತ್ತದೆ.

ಹಡಗುಕಟ್ಟೆಗೆ ‘ದಕ್ಕೆ’ ಬಳಸುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಮಂಗಳೂರು ದಕ್ಕೆ, ಮಲ್ಪೆ ದಕ್ಕೆ ಎನ್ನುವುದು ದೋಣಿ ಬಂದು ತಾಗುವ ಜಾಗಕ್ಕೆ, ಹಡಗು ಕಟ್ಟುವ ಜಾಗಕ್ಕಲ್ಲ. ಅದು ‘ಡಾಕ್’ನ ತದ್ಭವ ಎಂದು ನಮ್ಮ ಈ ಗುಂಪಿನಲ್ಲೇ ಹಿಂದೊಮ್ಮೆ ಯಾರೋ ಬರೆದಿದ್ದರು, ತಪ್ಪು. ಅದು ಮರಾಠಿ, ಕೊಂಕಣಿಯ ‘ಧಕ್ಕಾ’. ಮಜಗಾಂವ್‌ನಲ್ಲೇ ಭಾವೂಚಾ ಧಕ್ಕಾ ಇದೆಯಲ್ಲ, ಅದೇ ಪದ. ಮಹಾಪ್ರಾಣ ನಮ್ಮ ಬಾಯಲ್ಲಿ ಸವೆದು ದಕ್ಕೆಯಾಯಿತು.

ಬೆಂಗಳೂರಿನಿಂದ:

ದಕ್ಕೆ ಮರಾಟಿಯಿಂದ ಬಂತೆನ್ನಲು ಬರಹದ ಆದಾರ ಏನಿದೆ? ದಡ, ದಂಡೆ ಇರುವ ನುಡಿಯಲ್ಲಿ ದಕ್ಕೆಯೂ ನಮ್ಮದೇ ಏಕಾಗಿರಬಾರದು? ಎಲ್ಲವನ್ನೂ ಹೊರಗಿನಿಂದಲೇ ತಂದೆವು ಎನ್ನುವ ಚಾಳಿ ಬಿಡೋಣ.

ಮಂಗಳೂರಿನಿಂದ:

ಬಂದರು ಪಾರಸಿ. ಲಂಗರು ಪಾರಸಿ. ಖಲಾಸಿ ಅರಬ್ಬಿ. ಕಪ್ತಾನ ಪೋರ್ಚುಗೀಸರದು. ಬೋಟು ಇಂಗ್ಲಿಷರದು. ಇವನ್ನೆಲ್ಲ ತೆಗೆದರೆ ನಮ್ಮ ಮೀನುಗಾರ ಮಾತಾಡುವುದು ಹೇಗೆ? ಕಡಲಿಗೆ ಹೋದವನು ಎದುರು ಸಿಕ್ಕವನ ಪದ ಕಲಿತೇ ಬದುಕಿದ್ದು. ನಿಮ್ಮ ಹಡಗಿನ ವಿಷಯಕ್ಕೆ ನನ್ನ ತಕರಾರಿಲ್ಲ. ದಕ್ಕೆಯನ್ನು ಬಿಟ್ಟುಬಿಡಿ.

ಡೊಂಬಿವಲಿಯಿಂದ:

ನಾನು ಅಂಕೋಲೆಯವನು. ಮಜಗಾಂವ್ ಡಾಕ್‌ನಲ್ಲಿ ವೆಲ್ಡರ್ ಆಗಿ ದುಡಿದು ನಿವೃತ್ತನಾಗಿದ್ದೇನೆ. ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ಮೊದಲು ಧಾರವಾಡದ ಹಿರಿಯರಿಗೆ: ಟ್ರಿಂಕೋಮಲಿ ನಮ್ಮ ಯಾರ್ಡಿನದಲ್ಲ. ವಾಡಿಯಾಗಳು ಕಟ್ಟಿದ್ದು ಬಾಂಬೆ ಡಾಕ್‌ಯಾರ್ಡ್‌ನಲ್ಲಿ, ಅಂದರೆ ಕೋಟೆ ಭಾಗದಲ್ಲಿ ಈಗ ನೇವಲ್ ಡಾಕ್‌ಯಾರ್ಡ್ ಇರುವಲ್ಲಿ. ಮಜಗಾಂವ್ ಅಲ್ಲಿಂದ ಉತ್ತರಕ್ಕಿದೆ. ಇಲ್ಲಿನ ಒಣಡಾಕ್ (ನೀರು ಖಾಲಿಮಾಡಿ ಹಡಗಿನ ಕೆಲಸ ಮಾಡುವ ಕಟ್ಟೆ) 1774ರದು, ಕಂಪನಿಯಾಗಿ ನೋಂದಣಿಯಾದದ್ದು 1934ರಲ್ಲಿ, ಸರ್ಕಾರ ತೆಗೆದುಕೊಂಡದ್ದು 1960ರಲ್ಲಿ. ಎರಡನ್ನೂ ಸೇರಿಸಿ ಮಕ್ಕಳಿಗೆ ತಪ್ಪು ಹೇಳಬಾರದು. ಆದರೆ ಆ ಹಡಗಿನ ಅಡಿಗೆ ಜಮ್‌ಶೆಟ್‌ಜಿ ವಾಡಿಯಾ ಬೆಳ್ಳಿ ಮೊಳೆ ಹೊಡೆದು ಕೆಲಸ ಶುರುಮಾಡಿದ್ದು ನಿಜ. ಪಾರಸಿಗಳ ಪದ್ಧತಿ ಅದು.

ಇನ್ನು ಪದ. ಯಾರ್ಡಿನಲ್ಲಿ ನಾವೆಲ್ಲ ‘ಲಾಂಚಿಂಗ್’ ಅಂತಲೇ ಅನ್ನುತ್ತಿದ್ದೆವು. ಆದರೆ ನಡೆಯುವುದು ಏನೆಂದು ಗೊತ್ತಾದರೆ ಪದ ತಾನೇ ಸಿಗುತ್ತದೆ. ಯುದ್ಧನೌಕೆ ಇಳಿಜಾರಿನ ಸ್ಲಿಪ್‌ವೇ ಮೇಲೆ ಕೂತಿರುತ್ತದೆ. ಕೆಳಗಿನ ಹಳಿಗೆ ಕೊಬ್ಬು, ಗ್ರೀಸು ದಪ್ಪಗೆ ಬಳಿದಿರುತ್ತಾರೆ. ಆ ವಾಸನೆ ಅಂಗಿಯಿಂದ ವಾರವಾದರೂ ಹೋಗದು. ಆಧಾರದ ದಿಮ್ಮಿಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದರೆ ಭಾರವೆಲ್ಲ ಜಾರುಹಳಿಯ ಮೇಲೆ ಬರುತ್ತದೆ. ಕೊನೆಯ ತಡೆ ಬಿಟ್ಟ ಮೇಲೆ ಯಾರೂ ತಳ್ಳಬೇಕಾಗಿಲ್ಲ, ಹಡಗು ತನ್ನ ಭಾರಕ್ಕೆ ತಾನೇ ಹೊರಡುತ್ತದೆ. ಹಾಗಾಗಿ ‘ಇಳಿಸಿದರು’ ಅನ್ನುವುದೂ ಸರಿ, ‘ಇಳಿಯಿತು’ ಅನ್ನುವುದೂ ಸರಿ.

ನೀರಿಗಿಳಿದ ದಿನ ಅದು ಬರೀ ಒಡಲು. ಒಳಗೆ ಕೇಬಲ್, ಪೈಪು, ಆಯುಧ, ಪರೀಕ್ಷೆ ಎಲ್ಲ ಬಾಕಿ. ನೀಲಗಿರಿಗೆ ಮೂರೂವರೆ ವರ್ಷ ಹಿಡಿದದ್ದು ಅದಕ್ಕೇ. ಅಲ್ಲಿಯವರೆಗೂ ಅದು ಕಂಪನಿಯ ವಸ್ತು, ಹೆಸರಿಗಿಂತ ನಂಬರೇ ಹೆಚ್ಚು ಓಡಾಡುವುದು. ಕಲ್ವರಿಯನ್ನು ‘ಯಾರ್ಡ್ 11875’ ಎನ್ನುತ್ತಿದ್ದರು. ನಡುವೆ ಇನ್ನೊಂದು ದಿನವೂ ಇದೆ: ಕಂಪನಿ ಹಡಗನ್ನು ನೌಕಾಪಡೆಗೆ ಕೊಡುವ ದಿನ. ಕಲ್ವರಿಯನ್ನು ಕೊಟ್ಟದ್ದು 2017ರ ಸೆಪ್ಟೆಂಬರಿನಲ್ಲಿ. ಡಿಸೆಂಬರ್ 14ರಂದು ಕ್ಯಾಪ್ಟನ್ ಆದೇಶ ಓದಿ, ನೌಕಾಪಡೆಯ ಧ್ವಜ ಮೊದಲ ಸಲ ಏರಿತು. ಕಮಿಷನ್ ಅಂದರೆ ಇದು. ಧ್ವಜ ಏರಿದ ಮೇಲೆ ಅದು ಪಡೆಯದು.

ಶಾಲ್ಕಿಯ ಬಗ್ಗೆ ಒಂದು ಮಾತು ಸೇರಿಸಿ. 1981ರ ಡಿಸೆಂಬರಿನ ಒಪ್ಪಂದದಂತೆ ಎರಡು ಜಲಾಂತರ್ಗಾಮಿ ಜರ್ಮನಿಯ ಕೀಲ್ ಊರಿನಲ್ಲಿ, ಎರಡು ನಮ್ಮಲ್ಲಿ ಕಟ್ಟಬೇಕಿತ್ತು. ನಮ್ಮವರು ಅಲ್ಲಿಗೆ ಹೋಗಿ ಕಲಿತುಬಂದರು. ಉಕ್ಕನ್ನು ಮೊದಲು ಹದಕ್ಕೆ ಬಿಸಿಮಾಡಿ ಬೆಸೆಯಬೇಕು, ಪ್ರತಿ ಬೆಸುಗೆಯ ಎಕ್ಸ್‌ರೇ ತೆಗೆಯುತ್ತಾರೆ, ಸೂಜಿಮೊನೆಯಷ್ಟು ಗುಳ್ಳೆ ಕಂಡರೂ ಕೊರೆದು ಮತ್ತೆ ಬೆಸೆಯಬೇಕು. ಭಾರತದಲ್ಲಿ ಕಟ್ಟಿದ ಮೊದಲ ಜಲಾಂತರ್ಗಾಮಿ ಶಾಲ್ಕಿ. 1994ರಲ್ಲಿ ಶಂಕುಲ್ ಪಡೆಗೆ ಸೇರಿದ ಮೇಲೆ ಹೊಸ ಜಲಾಂತರ್ಗಾಮಿಯ ಒಪ್ಪಂದವಾದದ್ದು 2005ರ ಅಕ್ಟೋಬರಿನಲ್ಲಿ, ಅದೂ ಫ್ರೆಂಚರ ವಿನ್ಯಾಸದ್ದು. ಅಷ್ಟರಲ್ಲಿ ಆ ಬೆಸುಗೆ ಬಲ್ಲ ಕೈಗಳು ಎಷ್ಟೋ ಚದುರಿಹೋಗಿದ್ದವು. ಹೊಸ ಹುಡುಗರು ಮೊದಲಿಂದ ಕಲಿಯಬೇಕಾಯಿತು. ನಿಮ್ಮ ಫಲಕದಲ್ಲಿ 1994 ಮತ್ತು 2005ರ ನಡುವೆ ಸ್ವಲ್ಪ ಖಾಲಿ ಜಾಗ ಬಿಡಿ ಟೀಚರ್, ಮಕ್ಕಳು ಯಾಕೆ ಅಂತ ಕೇಳಲಿ.

ಧಾರವಾಡದಿಂದ:

ಟ್ರಿಂಕೋಮಲಿಯ ವಿಷಯ ಒಪ್ಪಿದೆ, ತಪ್ಪು ನನ್ನದು. ಅವತಾರಣದ ವಿಷಯ ಒಪ್ಪಿಲ್ಲ. ಕೋಷ್ಟಕದ ತಲೆಬರಹಕ್ಕೆ ನಾಮಪದ ಬೇಕು. ‘ನೀರಿಗಿಳಿಸುವಿಕೆ’ ಎಂದು ಬರೆಯುತ್ತೀರಾ?

ಮಂಗಳೂರಿನಿಂದ:

ನಾಮಪದವೇ ಏಕೆ? ‘ನೀರಿಗಿಳಿದ ದಿನ’ ಎಂದು ಬರೆಯಿರಿ. ಕನ್ನಡದಲ್ಲಿ ಕೃದಂತ ಇರುವುದು ಇದಕ್ಕೇ. ಒಂದೊಂದು ಕ್ರಿಯೆಗೂ ಇಂಗ್ಲಿಷಿನ ಹಾಗೆ ಒಂದೊಂದು ನಾಮಪದ ಹುಡುಕಲು ಹೋಗಿ ಅವತಾರಣವೂ ಹುಟ್ಟಿತು, ಪಡೆಸೇರ್ಪೂ ಹುಟ್ಟಿತು.

ಬೆಂಗಳೂರಿನಿಂದ:

ನೀರಿಗಿಳಿದ ದಿನ: ಒಪ್ಪಿದೆ. ಜಲಾಂತರ‍್ಗಾಮಿ: ಒಪ್ಪಿಲ್ಲ.

ಕಾರವಾರದಿಂದ:

ಎಲ್ಲರಿಗೂ ಧನ್ಯವಾದ. ತಲೆಬರಹ ಮೂರು ಮಾಡಿದ್ದೇನೆ: ‘ನೀರಿಗಿಳಿದ ದಿನ’, ‘ಪಡೆಗೆ ಕೊಟ್ಟ ದಿನ’, ‘ಪಡೆಗೆ ಸೇರಿದ ದಿನ’. ನಡುವಿನದನ್ನು ತಾರೀಕು ಕೈಯಲ್ಲಿರುವ ಹಡಗುಗಳಿಗೆ ಮಾತ್ರ ತುಂಬಿದ್ದೇನೆ. ಕಮಿಷನ್ ಪದ 1987ರ ಸಾಲಿನಲ್ಲಿ ಮಾತ್ರ ಉಳಿದಿದೆ. ಜಲಾಂತರ್ಗಾಮಿಯನ್ನು ಮಕ್ಕಳು ಪಠ್ಯಪುಸ್ತಕದಲ್ಲೂ ಟಿವಿಯಲ್ಲೂ ಕೇಳಿದ್ದಾರೆ, ಅದು ಹಾಗೇ ಇರುತ್ತದೆ. ವಾಡಿಯಾ ಇಲ್ಲ. 1994ರ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.

ಕಲ್ವರಿಯ ಚಿತ್ರದಡಿ ಹೀಗೆ ಬರೆದಿದ್ದೇನೆ: ‘ಕಲ್ವರಿ 2015ರ ಅಕ್ಟೋಬರಿನಲ್ಲಿ ಜಾರುಹಳಿಯಿಂದ ನೀರಿಗಿಳಿಯಿತು, ಎರಡು ವರ್ಷದ ಪರೀಕ್ಷೆಗಳ ನಂತರ ನೌಕಾಪಡೆಗೆ ಸೇರಿತು.’ ಸರಿ ಇದೆಯೇ?

ಡೊಂಬಿವಲಿಯಿಂದ:

‘ಜಾರುಹಳಿಯಿಂದ’ ತೆಗೆಯಿರಿ. ಕಲ್ವರಿ ಜಾರಲಿಲ್ಲ. ಅದನ್ನು ಪಾಂಟೂನ್ (ತೇಲುವ ಕಟ್ಟೆ) ಮೇಲೆ ಸರಿಸಿ, ಆ ಪಾಂಟೂನನ್ನೇ ನೀರಲ್ಲಿ ಮೆಲ್ಲಗೆ ತಗ್ಗಿಸಿ ತೇಲಿಬಿಟ್ಟದ್ದು. ‘ನೀರಿಗಿಳಿಯಿತು’ ಎರಡಕ್ಕೂ ಹೊಂದುತ್ತದೆ, ಅಷ್ಟೇ ಇಡಿ.

ಕಾರವಾರದಿಂದ:

ತೆಗೆದೆ ಸರ್. ಫೈಲ್ ಈಗಷ್ಟೇ ಪ್ರೆಸ್ಸಿಗೆ ಕಳಿಸಿದೆ.